ಚದರಡಿಯ ಲೆಕ್ಕ

ಗಣಿತದ ಪಾಠಪುಸ್ತಕದಲ್ಲಿ ನೆಲಕ್ಕೆ ಬಹಳ ಮರ್ಯಾದೆ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ ಚದರಡಿಗೆ ಇಂತಿಷ್ಟು ರೂಪಾಯಿಯಂತೆ ನೆಲ ಹಾಸಲು ತಗಲುವ ವೆಚ್ಚವೆಷ್ಟು? ಇಂಥ ಒಂದು ಪ್ರಶ್ನೆ ಬಿಡಿಸದೆ ಯಾವ ಮಗುವೂ ಏಳನೇ ತರಗತಿ ದಾಟುವುದಿಲ್ಲ. ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು ದರದಿಂದ ಗುಣಿಸಿದರೆ ಪೂರ್ತಿ ಅಂಕ. ಇಪ್ಪತ್ತೆಂಟು ವರ್ಷಗಳಿಂದ ನಾನು ಹೇಳಿಕೊಡುತ್ತಿರುವ ಲೆಕ್ಕ ಇದು. ಇದರಲ್ಲಿ ಕೋಣೆ ಇದೆ, ಹಣ ಇದೆ. ಮೇಸ್ತ್ರಿ ಮಾತ್ರ ಇಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ಸಾಗರದ ನಮ್ಮ ಮನೆಯ ನೆಲ ಕಿತ್ತು ಹೊಸದು ಹಾಕಿಸಿದೆವು. ಹಳೆಯದು ಕೆಂಪು ಗಾರೆಯ ನೆಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಒಂದು ಕೋಣೆಯನ್ನು ಹಿಡಿದರೆ ಅಂದೇ ಮುಗಿಸಿ, ಕರಣೆಯಿಂದ ಕನ್ನಡಿಯಂತೆ ಉಜ್ಜುತ್ತಿದ್ದರು. ನಡುವೆ ನಿಲ್ಲಿಸಿದರೆ ಜೋಡಣೆಯ ಗೆರೆ ಕಾಣುತ್ತದೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಬೇಕು. ಈಗ ಆ ಕೆಲಸ ಬಲ್ಲವರು ವಿರಳ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಪ್ಪು ಕಡಪ ಕಲ್ಲು, ಮೊಸಾಯಿಕ್ ಎಲ್ಲವೂ ಒಂದೊಂದು ಕಾಲ ಆಳಿ ಹಿಂದೆ ಸರಿದವು. ಈಗ ಎಲ್ಲೆಲ್ಲೂ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್.

ಮೇಸ್ತ್ರಿ ಹೇಳಿದ ಕೂಲಿ ಚದರಡಿಗೆ 30 ರೂಪಾಯಿ. ದಿನಕ್ಕೆ ನೂರು ಚದರಡಿ ಕೂರಿಸುತ್ತಾನೆಂದು ತಿಳಿದು ನಮ್ಮ ಯಜಮಾನರು ಹುಬ್ಬೇರಿಸಿದರು. "3000 ರೂಪಾಯಿ! ನಾವೂ ಇದನ್ನೇ ಕಲಿಯಬೇಕಿತ್ತು."

ಮೇಸ್ತ್ರಿ ನಕ್ಕ. "ಕಲೀಬಹುದಿತ್ತು ಸಾರ್, ಮೊಣಕಾಲು ಕೊಡಬೇಕಲ್ಲ. ಅದ್ರಲ್ಲಿ ಆಳಿಗೆ 700, ಕಟರ್ ಬ್ಲೇಡು, ಪೆಟ್ರೋಲು. ಮಳೆಗಾಲದಲ್ಲಿ ಹೊಸ ಮನೆ ಕೆಲಸ ಎಲ್ಲಿರುತ್ತೆ?"

ಅವನ ಒಂದೇ ಬೇಡಿಕೆ, ಗೋಡೆಯಂಚಿನ ಸ್ಕರ್ಟಿಂಗನ್ನು ಚದರಡಿಯಲ್ಲಿ ಅಳೆಯಬಾರದು, ಉದ್ದದ ಅಡಿಗೆ 15 ರೂಪಾಯಿಯಂತೆ ಕೊಡಬೇಕು ಎಂಬುದು. ಯಜಮಾನರಿಗೆ ಇದು ಚೌಕಾಸಿಯಾಗಿ ಕಂಡಿತು. ನಾನು ಪೆನ್ನು ತೆಗೆದೆ. 12ಕ್ಕೆ 10ರ ಕೋಣೆಯ ಸುತ್ತಳತೆ 44 ಅಡಿ, ಬಾಗಿಲಿನ 3 ಅಡಿ ಕಳೆದರೆ 41. ಪಟ್ಟಿಯ ಎತ್ತರ ನಾಲ್ಕೇ ಅಂಗುಲ, ಎಂದರೆ 14 ಚದರಡಿಯೂ ತುಂಬದು. ಕೂಲಿ 410 ರೂಪಾಯಿ. ಆದರೆ ಟೈಲ್ಸನ್ನು ಪಟ್ಟಿಗಳಾಗಿ ಕತ್ತರಿಸಿ, ಗೋಡೆಯ ಗಾರೆ ಕೆತ್ತಿ, ಮೂಲೆ ಮೂಲೆಗೆ ಹೊಂದಿಸುವುದಕ್ಕೆ ಮುಕ್ಕಾಲು ದಿನ ಬೇಕು. ಅಷ್ಟು ಹೊತ್ತಿಗೆ ಆಳಿನ ಕೂಲಿಯೇ 525! ಉದ್ದಕ್ಕೆ ಅಳೆದರೆ 615. ಆಳಿನದು ಕಳೆದು ಮೇಸ್ತ್ರಿಗೆ ಉಳಿಯುವುದು 90 ರೂಪಾಯಿ. ಯಜಮಾನರು ಕನ್ನಡಕ ಏರಿಸಿ ನನ್ನ ಲೆಕ್ಕ ತಪಾಸಣೆ ಮಾಡಿ ಒಪ್ಪಿದರು.

ಬೀರುವಿನ ಬಾಗಿಲು ಕೂರಿಸಲು ಬಂದಿದ್ದ ಆಚಾರ್ರು ಚಹಾ ಕುಡಿಯುತ್ತ ಇದನ್ನೆಲ್ಲ ಕೇಳುತ್ತಿದ್ದರು. ಮೇಸ್ತ್ರಿ ಅವರನ್ನು ಕೆಣಕಿದ: "ನಿಮಗೇನು ಆಚಾರ್ರೇ, ಮನೇಲೇ ಶೆಡ್ಡು. ಬಾಡಿಗೆ ಇಲ್ಲ, ಬಸ್ಸಿನ ಖರ್ಚಿಲ್ಲ."

"ಬಾಡಿಗೆ ಇಲ್ಲ ನಿಜ," ಎಂದರು ಆಚಾರ್ರು. "ಹಲಸಿನ ಹಲಗೆ ತಂದು ಒಣಗಲಿ ಅಂತ ಇಟ್ಟರೆ ತಿಂಗಳುಗಟ್ಟಲೆ ದುಡ್ಡು ಅಲ್ಲೇ ಒಣಗ್ತದೆ. ಉಳಿ ಮಸೆಯೋ ಹೊತ್ತಿಗೆ ಕೂಲಿ ಇಲ್ಲ. ಹಗಲು ಕರೆಂಟಿಲ್ಲ, ರಾತ್ರಿ ಮಿಷನ್ ಹಾಕಿದ್ರೆ ಪಕ್ಕದ ಮನೆಯವರು ಬೈತಾರೆ." ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯ್ದೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದೆಂದು ಹೇಳಿತು. ಅವರ ತಕರಾರು ಅದರ ಮೇಲೂ ಇತ್ತು. "ಇಲ್ಲಿ ಬಂದು ಬಾಗಿಲು ಕೂರಿಸಿದ ಒಂದು ದಿನಕ್ಕೆ ನೀವು ಬರೆದುಕೊಡ್ತೀರಿ. ಮನೇಲಿ ಬಾಗಿಲು ಮಾಡಿದ ಆರು ದಿನಕ್ಕೆ ಯಾರು ಬರೆದುಕೊಡ್ತಾರೆ?"

"ಉದ್ದದ ಹಲಗೆ ಮಿಷನ್ನಿಗೆ ಕೊಡುವಾಗ ಆ ತುದಿ ಹಿಡಿಯುವವರು ಯಾರು?" ಎಂದು ಕೇಳಿದೆ.

"ನಮ್ಮ ಮನೆಯವಳು. ಪಾಲಿಶ್ ಕಾಗದ ಉಜ್ಜೋದೂ ಅವಳೇ."

"ಅವರ ಕೂಲಿ?"

"ಮನೆಯವಳಿಗೆ ಎಂಥ ಕೂಲಿ, ಟೀಚರಮ್ಮ!" ಎಂದು ಅವರು ನಕ್ಕರು. ಮೇಸ್ತ್ರಿಯೂ ನಕ್ಕ.

ನನಗೆ ನಮ್ಮಮ್ಮ ನೆನಪಾದಳು. ನಮ್ಮ ತೌರಿನ ಒಳಮನೆ ಮಣ್ಣಿನ ನೆಲದ್ದು. ಸೊಂಟ ಬಗ್ಗಿಸಿ, ಅಂಗೈಯನ್ನು ಬೀಸಣಿಗೆಯಂತೆ ಆಡಿಸಿ, ಅವಳು ವಾರ ವಾರವೂ ಅದಕ್ಕೆ ಸಗಣಿ ಸಾರಿಸುತ್ತಿದ್ದಳು. ಆ ಕೋಣೆ ಎಷ್ಟು ಚದರಡಿಯಿತ್ತೆಂದು ಯಾರೂ ಅಳೆಯಲಿಲ್ಲ. ಅಳೆಯದ ಕೆಲಸಕ್ಕೆ ದರವಿಲ್ಲ. ದರವಿಲ್ಲದ್ದು ಕೆಲಸವೆಂದೇ ಅನ್ನಿಸುವುದಿಲ್ಲ. ಸ್ಕರ್ಟಿಂಗನ್ನು ಉದ್ದಕ್ಕೆ ಅಳೆಯಿರೆಂದು ಕೇಳಲು ಮೇಸ್ತ್ರಿಗಾದರೂ ಬಾಯಿತ್ತು.

ಆಚಾರ್ರು ಬಿಲ್ಲು ತಂದಾಗ, ಇನ್ನೊಂದು ಸಾಲು ಸೇರಿಸಿ ಎಂದೆ: ಸಹಾಯಕರು ಒಬ್ಬರು, ಆರು ದಿನ, ಮೇಸ್ತ್ರಿಯ ಆಳಿಗೆ ಕೊಡುವಷ್ಟೇ ಕೂಲಿ. ಅವರು ತಲೆ ಕೆರೆದುಕೊಂಡು, ಕೊನೆಗೆ ದುಂಡಗಿನ ಅಕ್ಷರದಲ್ಲಿ ಬರೆದರು. ಯಜಮಾನರು 4200 ರೂಪಾಯಿ ಹೆಚ್ಚಿಗೆ ಎಣಿಸುವಾಗ ಏನೂ ಅನ್ನಲಿಲ್ಲ. ಎರಡು ಸಲ ಎಣಿಸಿದರು, ಅಷ್ಟೆ. ಆ ಹಣ ಆಕೆಯ ಕೈ ಸೇರಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಲೆಕ್ಕದಲ್ಲಂತೂ ಆಕೆ ಬಂದಳು.