ಹಾಲು ಮತ್ತು ಹೊಣೆ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಕನ್ನಡದ ಹಳೆಯ ಗಾದೆ. ಹಾಲಾಗಿರುವುದೆಲ್ಲ ನಿರ್ಮಲವಲ್ಲ ಎಂಬ ಮಾತನ್ನು ವಿಜ್ಞಾನವು ಆ ಗಾದೆಗೆ ಸೇರಿಸಿದೆ. ಹಾಲು ಹಸುಳೆಯ ಮೊದಲ ಆಹಾರ. ದೇವರ ಅಭಿಷೇಕಕ್ಕೆ, ಹೊಸ ಮನೆಯ ಒಲೆಯ ಮೇಲೆ ಉಕ್ಕಿಸುವುದಕ್ಕೆ, ಅತಿಥಿಯ ಸತ್ಕಾರಕ್ಕೆ ಹಾಲೇ ಬೇಕು. ಕಪಟವಿಲ್ಲದ ಮನಸ್ಸನ್ನು ಜನರು ಹಾಲಿಗೆ ಹೋಲಿಸುತ್ತಾರೆ. ಇಂಥ ವಸ್ತುವಿನ ವಿಷಯದಲ್ಲಿ ಸಂಶಯದ ಮಾತನ್ನಾಡುವುದು ಅನೇಕರಿಗೆ ರುಚಿಸದು. ಆದರೆ ಪ್ರಿಯವಾದುದನ್ನೇ ಅಲ್ಲವೆ ಹೆಚ್ಚು ಎಚ್ಚರದಿಂದ ಕಾಪಾಡಬೇಕಾದುದು?

ಮಗುವಿಗೆ ಪುಷ್ಟಿ ಕೊಡುವ ಸಕ್ಕರೆ, ಕೊಬ್ಬು, ಸಸಾರಜನಕಗಳು ಸೂಕ್ಷ್ಮಜೀವಿಗಳಿಗೂ ಪುಷ್ಟಿ ಕೊಡುತ್ತವೆ. ಹಸುವಿನ ಕೆಚ್ಚಲು, ಕೊಟ್ಟಿಗೆಯ ಸಗಣಿ, ಕರೆಯುವವರ ಕೈ, ತೊಳೆಯದ ಪಾತ್ರೆ ಇವುಗಳಿಂದ ಬ್ಯಾಕ್ಟೀರಿಯಗಳು ಹಾಲಿಗೆ ಇಳಿಯುತ್ತವೆ. ಅವೆಲ್ಲವೂ ಕೆಟ್ಟವುಗಳೆಂದು ತಿಳಿಯಬಾರದು. ಹಾಲನ್ನು ಮೊಸರಾಗಿಸುವವುಗಳೂ ಬ್ಯಾಕ್ಟೀರಿಯಗಳೇ. ಆದರೆ ಅವುಗಳ ನಡುವೆ ಇ. ಕೋಲಿ, ಸ್ಟ್ಯಾಫಿಲೊಕಾಕಸ್‌ಗಳಂಥ ರೋಗಕಾರಕಗಳೂ ಇರಬಹುದು. ಅನುಕೂಲವಾದ ಬೆಚ್ಚನೆಯ ತಾಣದಲ್ಲಿ ಇ. ಕೋಲಿಯು ಸುಮಾರು 20 ನಿಮಿಷಗಳಿಗೊಮ್ಮೆ ಒಂದು ಎರಡಾಗಿ ಒಡೆಯಬಲ್ಲುದು. ಆ ಲೆಕ್ಕದಲ್ಲಿ ಒಂದು ಜೀವಿಯ ಸಂತತಿ ಒಂದು ಗಂಟೆಯಲ್ಲಿ 8, ಐದು ಗಂಟೆಗಳಲ್ಲಿ 32,768!

ರೋಗಾಣುಗಳೊಡನೆ ಹೋರಾಡಲು ಮಾನವನಿಗೆ ದೊರೆತ ಪ್ರಬಲವಾದ ಆಯುಧವೇ ಪ್ರತಿಜೀವಕ. ಎಲ್ಲರೂ ಆಂಟಿಬಯಾಟಿಕ್ ಎಂದು ಕರೆಯುವ ಔಷಧಿ. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಒಂದು ಬಗೆಯ ಬೂಷ್ಟಿನಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದನು. 1943ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಮನುಷ್ಯರಂತೆಯೇ ದನಕರುಗಳೂ ಇಂಥ ಔಷಧಿಗಳಿಂದ ಬದುಕಿಕೊಂಡವು. ಆದರೆ 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದಾಗಲೇ ಫ್ಲೆಮಿಂಗ್ ಜಗತ್ತನ್ನು ಎಚ್ಚರಿಸಿದ್ದನು. ಸಾಲದಷ್ಟು ಔಷಧಿಯನ್ನು ಸೇವಿಸಿದರೆ ರೋಗಾಣುಗಳು ಸಾಯುವುದಕ್ಕೆ ಬದಲಾಗಿ ಔಷಧಿಯನ್ನು ಎದುರಿಸಲು ಕಲಿಯುತ್ತವೆ ಎಂಬುದು ಆ ಎಚ್ಚರಿಕೆಯ ಸಾರ.

ಈ ಕಲಿಕೆ ನಡೆಯುವ ಬಗೆಯನ್ನು ರೈತನ ಮಕ್ಕಳು ಸುಲಭವಾಗಿ ತಿಳಿಯಬಲ್ಲರು. ಹೊಲದ ಕಳೆಯನ್ನು ಅರ್ಧಕ್ಕೆ ಕಿತ್ತು ಬಿಟ್ಟರೆ ಆಳಕ್ಕೆ ಬೇರು ಬಿಟ್ಟ ಗಟ್ಟಿ ಕಳೆ ಮಾತ್ರ ಉಳಿಯುತ್ತದೆ. ಮುಂದೆ ಹೊಲವೆಲ್ಲ ಅದರದೇ ಆಗುತ್ತದೆ. ಅಂತೆಯೇ ಔಷಧಿಗೆ ಮೊದಲು ಸಾಯುವವು ದುರ್ಬಲ ಬ್ಯಾಕ್ಟೀರಿಯಗಳು. ಅಕಸ್ಮಾತ್ತಾಗಿ ತಡೆಯುವ ಗುಣವನ್ನು ಪಡೆದವು ಉಳಿದು, ತೆರವಾದ ಜಾಗದಲ್ಲಿ ವೃದ್ಧಿಹೊಂದುತ್ತವೆ. ಇಷ್ಟೇ ಅಲ್ಲ, ಒಂದು ಬ್ಯಾಕ್ಟೀರಿಯವು ಆ ಗುಣವನ್ನು ಹೊತ್ತ ಜೀನನ್ನು ಬೇರೆ ಜಾತಿಯ ಬ್ಯಾಕ್ಟೀರಿಯಕ್ಕೂ ದಾಟಿಸಬಲ್ಲುದು. ಕಳ್ಳನೊಬ್ಬನು ತಾನು ಮಾಡಿಸಿಕೊಂಡ ಬೀಗದ ಕೈಯನ್ನು ನೆರೆಯವನಿಗೆ ಕೊಟ್ಟಂತೆ ಇದು.

ಹಾಲಿಗೂ ಈ ಔಷಧಿಗೂ ನಂಟು ಬೆಳೆಯುವುದು ಕೊಟ್ಟಿಗೆಯಲ್ಲಿ. ಕರೆಯುವ ಹಸುವಿಗೆ ಬರುವ ಸಾಮಾನ್ಯ ಕಾಯಿಲೆ ಕೆಚ್ಚಲು ಬಾವು. ಕೆಚ್ಚಲು ಬಿಸಿಯಾಗಿ ಊದಿಕೊಳ್ಳುತ್ತದೆ. ಹಾಲು ಒಡೆದಂತೆ ಗರಣೆಗಟ್ಟಿ ಬರುತ್ತದೆ. ಒಂದೇ ಹಸುವನ್ನು ನಂಬಿದ ಸಂಸಾರವೊಂದನ್ನು ಊಹಿಸಿಕೊಳ್ಳಬಹುದು. ದನದ ವೈದ್ಯರು ಬಂದು ಔಷಧಿ ಕೊಟ್ಟು, "ಹೇಳಿದಷ್ಟು ದಿನವೂ ತಪ್ಪದೆ ಹಾಕಿಸಬೇಕು, ತಾಯಿ. ಅದು ಮುಗಿದ ಮೇಲೂ ಹಾಲಿನಿಂದ ಔಷಧಿ ಇಳಿಯುವವರೆಗೆ ಡೈರಿಗೆ ಹಾಕಬೇಡಿ" ಎನ್ನುತ್ತಾರೆ. "ಹಾಲು ಹಾಕದಿದ್ದರೆ ಹಿಂಡಿಗೆ ದುಡ್ಡೆಲ್ಲಿ ಬರಬೇಕು, ಸ್ವಾಮಿ?" ಎಂದು ಆ ತಾಯಿ ಕೇಳುತ್ತಾಳೆ. ಎರಡನೆಯ ದಿನಕ್ಕೆ ಊತ ಇಳಿಯುತ್ತದೆ. ಹಾಲು ಮೊದಲಿನಂತೆಯೇ ಬೆಳ್ಳಗಿರುತ್ತದೆ. ಔಷಧಿಯನ್ನು ಅಲ್ಲಿಗೇ ನಿಲ್ಲಿಸಿ ಹಾಲನ್ನು ಕ್ಯಾನಿಗೆ ಸುರಿಯುವ ಆಸೆ ಹುಟ್ಟುವುದು ಇಲ್ಲಿಯೇ. ಆ ಆಸೆಯ ಹಿಂದೆ ಇರುವುದು ದುಷ್ಟತನವಲ್ಲ, ಬಡತನ.

ಆದರೆ ಅದರ ಫಲ ಮಾತ್ರ ಒಂದು ಮನೆಗೆ ಸೀಮಿತವಲ್ಲ. ಕರ್ನಾಟಕದಲ್ಲಿ 1974ರಲ್ಲಿ ಹೈನುಗಾರಿಕೆಯ ಅಭಿವೃದ್ಧಿಗೆಂದೇ ನಿಗಮವೊಂದು ಸ್ಥಾಪಿತವಾಗಿ, ಅಂದಿನಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳು ಹಳ್ಳಿಹಳ್ಳಿಗೂ ಹಬ್ಬಿದವು. ಹಲವು ಮನೆಗಳ ಹಾಲು ಸಂಘದ ಕ್ಯಾನಿನಲ್ಲಿ ಒಂದಾಗುತ್ತದೆ. ಹಲವು ಹಳ್ಳಿಗಳ ಹಾಲು ಟ್ಯಾಂಕರಿನಲ್ಲಿ ಒಂದಾಗುತ್ತದೆ. ಇದೇ ಸಹಕಾರದ ಬಲ. ಅದರ ಹೊಣೆಯೂ ಇದೇ. ಅರಸನೊಬ್ಬನು ಊರ ಕೊಳವನ್ನು ಹಾಲಿನಿಂದ ತುಂಬಿಸಬಯಸಿ, ರಾತ್ರಿ ಮನೆಗೊಂದು ಕೊಡ ಹಾಲನ್ನು ತಂದು ಸುರಿಯಬೇಕೆಂದು ಡಂಗುರ ಸಾರಿಸಿದ ಕಥೆಯನ್ನು ಕೇಳದವರಿಲ್ಲ. ಅಷ್ಟು ಹಾಲಿನಲ್ಲಿ ತನ್ನದೊಂದು ಕೊಡ ನೀರು ಯಾರಿಗೆ ತಿಳಿದೀತೆಂದು ಪ್ರತಿಯೊಬ್ಬನೂ ಎಣಿಸಿದನು. ಬೆಳಗಾದಾಗ ಕೊಳದ ತುಂಬ ಇದ್ದುದು ನೀರೇ! ಪ್ರತಿಜೀವಕದ ಶಕ್ತಿಯೂ ಊರ ಕೊಳದಂತೆ ಎಲ್ಲರ ಸೊತ್ತು.

ಹಸಿ ಹಾಲನ್ನು ಇಟ್ಟಲ್ಲೇ ಇಟ್ಟರೆ ಏನಾಗುವುದೆಂಬುದನ್ನು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ವಿಜ್ಞಾನಿಗಳು ಪರೀಕ್ಷಿಸಿದರು. ಅವರ ಶೋಧನೆ 2020ರಲ್ಲಿ ಪ್ರಕಟವಾಯಿತು. ಅಂಗಡಿಗಳಲ್ಲಿ ಮಾರುವ ಹಸಿ ಹಾಲಿನ ಹಾಗೂ ಕಾಯಿಸಿದ ಹಾಲಿನ 2,000ಕ್ಕೂ ಹೆಚ್ಚು ಮಾದರಿಗಳನ್ನು ಅವರು ಪರಿಶೀಲಿಸಿದ್ದರು. ತಂಪಿನಲ್ಲಿಡದೆ ಕೋಣೆಯ ಶಾಖದಲ್ಲಿ ಬಿಟ್ಟ ಹಸಿ ಹಾಲಿನಲ್ಲಿ ಔಷಧಿಯನ್ನು ತಡೆಯುವ ಜೀನುಗಳು ಅತ್ಯಧಿಕವಾಗಿ ಕಂಡುಬಂದವು. ಹಸಿ ಹಾಲು ದೇಹಕ್ಕೆ ವಿಶೇಷ ಹಿತವೆಂದು ನಂಬಿ ಕೊಳ್ಳುವವರು ಆ ದೇಶದಲ್ಲಿಯೂ ಇದ್ದಾರೆ. ಕರೆದ ಕೂಡಲೆ ನೊರೆಹಾಲನ್ನು ಕುಡಿದರೆ ಬಲ ಬರುವುದೆಂಬ ನಂಬಿಕೆ ಇಲ್ಲಿಯ ಹಳ್ಳಿಗಳಲ್ಲಿಯೂ ಉಂಟು.

ಇದಕ್ಕೆ ಉತ್ತರವು ಅಡುಗೆಮನೆಯಲ್ಲಿಯೇ ಇದೆ. ಹಾಲನ್ನು ಕಾಯಿಸದೆ ಬಳಸಬಾರದೆಂಬ ಅಜ್ಜಿಯರ ಕಟ್ಟಳೆಯಲ್ಲಿ ದೊಡ್ಡ ವಿವೇಕವಿತ್ತು. ಔಷಧಿಗೆ ಬಗ್ಗದ ರೋಗಾಣುವೂ ಬೆಂಕಿಗೆ ಬಗ್ಗುತ್ತದೆ. ಫ್ರಾನ್ಸಿನ ಲೂಯಿ ಪಾಶ್ಚರನ ಹೆಸರಿನಿಂದ ಪ್ರಸಿದ್ಧವಾದ ವಿಧಾನದಲ್ಲಿ ಹಾಲನ್ನು 63 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ, ಇಲ್ಲವೆ 72 ಡಿಗ್ರಿಯಲ್ಲಿ 15 ಸೆಕೆಂಡು ಇರಿಸಿ ಬೇಗನೆ ತಣಿಸುತ್ತಾರೆ. ಮನೆಯಲ್ಲಿ ಒಂದು ಉಕ್ಕು ಬರುವವರೆಗೆ ಕಾಯಿಸಿದರೆ ಇದಕ್ಕಿಂತಲೂ ಹೆಚ್ಚಿನ ಶಾಖ ದೊರೆಯುತ್ತದೆ. ಕಾಯಿಸಿದ ಹಾಲನ್ನು ಉಗುರುಬೆಚ್ಚಗೆ ಆರಿಸಿ, ಒಳ್ಳೆಯ ಹೆಪ್ಪು ಹಾಕಿದ ಮೊಸರಿಗೂ, ಹಸಿ ಹಾಲು ತಾನಾಗಿಯೇ ಹುಳಿತು ಗಟ್ಟಿಯಾದುದಕ್ಕೂ ಬಹಳ ಅಂತರವಿದೆ.

ಆದರೆ ಒಲೆಯಿಂದ ಎಲ್ಲವೂ ಪರಿಹಾರವಾಗದು. ಕಾಯಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ. ಹಾಲಿನಲ್ಲಿ ಉಳಿದ ಔಷಧಿಯು ಪೂರ್ತಿಯಾಗಿ ನಾಶವಾಗುವುದಿಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪಿನ ಜೀವಿಗಳೇ ಸತ್ತು ಮೊಸರು ಸರಿಯಾಗಿ ಕಟ್ಟದಿರಬಹುದು. ಇದಲ್ಲದೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳು ಹಾಲಿನ ದಾರಿಯೊಂದನ್ನೇ ಕಾಯುತ್ತ ಕೂರುವುದಿಲ್ಲ. ಸಗಣಿ, ನೀರು, ಮಣ್ಣು, ಮನುಷ್ಯರ ಕೈಗಳ ಮೂಲಕವೂ ಅವು ಪಯಣಿಸುತ್ತವೆ. ಜಗತ್ತಿನಲ್ಲಿ 2019ನೆಯ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳ ಸೋಂಕಿನಿಂದಲೇ ಸುಮಾರು 12.7 ಲಕ್ಷ ಜನರು ಮರಣಹೊಂದಿದರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅದೇ ವರ್ಷ ಭಾರತ ಸರ್ಕಾರವು ಕೊಲಿಸ್ಟಿನ್ ಎಂಬ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ನಿಷೇಧಿಸಿತು. ಬೇರೆ ಔಷಧಿಗಳೆಲ್ಲ ಸೋತ ಮೇಲೆ ರೋಗಿಯನ್ನು ಉಳಿಸಲು ವೈದ್ಯರು ಬಳಸುವ ಔಷಧಿಗಳಲ್ಲಿ ಅದೂ ಒಂದು. ಅದೂ ಸೋತರೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ಮಗುವಿಗೆ ಮತ್ತೇನನ್ನು ಕೊಡುವುದು?

ಆದುದರಿಂದ ನಿಜವಾದ ರಕ್ಷಣೆ ಕೊಟ್ಟಿಗೆಯಿಂದಲೇ ಆರಂಭವಾಗಬೇಕು. ಕರೆಯುವ ಮುನ್ನ ಕೈಯನ್ನೂ ಕೆಚ್ಚಲನ್ನೂ ತೊಳೆದು ಒರೆಸಬೇಕು. ಕರೆದ ಬಳಿಕ ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಗ ಹಸುವಿನ ಮುಂದೆ ಮೇವು ಹಾಕಿದರೆ ಅದು ಸಗಣಿಯ ನೆಲದಲ್ಲಿ ಮಲಗದೆ ನಿಂತೇ ಇರುತ್ತದೆ. ಬಾವು ಬಾರದಿದ್ದರೆ ಔಷಧಿಯೂ ಬೇಡ. ಬಂದರೆ ವೈದ್ಯರ ಮಾತನ್ನು ಕೊನೆಯವರೆಗೂ ನಡೆಸಬೇಕು. ಆ ದಿನಗಳ ಹಾಲನ್ನು ಕರುವಿಗೂ ಕುಡಿಸದೆ ಚೆಲ್ಲಬೇಕು.

ಹಾಗೆ ಚೆಲ್ಲಿದ ಹಾಲು ಬಡ ಸಂಸಾರಕ್ಕೆ ಸಣ್ಣ ನಷ್ಟವೇನಲ್ಲ. ಆ ನಷ್ಟದಿಂದ ಉಪಕಾರ ಪಡೆಯುವವರು ಎಲ್ಲಿಯೋ ಇರುವ ರೋಗಿಗಳು. ಅವರಿಗೆ ಆ ತಾಯಿಯ ಹೆಸರೂ ತಿಳಿಯದು. ಎಲ್ಲರ ಹಿತಕ್ಕಾಗಿ ಒಬ್ಬಳು ಹೊರುವ ಭಾರವನ್ನು ಎಲ್ಲರೂ ಹಂಚಿಕೊಳ್ಳುವುದೇ ಸಹಕಾರದ ಧರ್ಮ. ಹಸು ಕಾಯಿಲೆ ಬಿದ್ದ ದಿನಗಳಲ್ಲಿ ಸಂಘವು ಆ ಮನೆಗೆ ಆಸರೆಯಾಗಿ ನಿಂತರೆ, ಹಾಲನ್ನು ಚೆಲ್ಲುವ ಕೈ ಅಷ್ಟಾಗಿ ನಡುಗದು.