ಹುಳ ಗೂಡು ಕಟ್ಟಿದ ಮೇಲೆ ಉಳ್ಳಾಲಕ್ಕೆ

ಅಕ್ಕಂದಿರಾ, ಸಂಕ್ರಾಂತಿ ಆದ್ಮೇಲೆ ಒಂದು ಪ್ರಯಾಣ ಹಾಕ್ಕೊಂಡಿದೀವಿ. ನಮ್ಮತ್ತೆ, ನಾನು, ನಮ್ಮ ಓರಗಿತ್ತಿ, ಹಿಂದಿನ ಬೀದಿ ದೊಡ್ಡಮ್ಮ, ಸದ್ಯಕ್ಕೆ ನಾಲ್ಕು ಜನ. ಹೋಗೋ ಊರು ಉಳ್ಳಾಲ. ಮಂಗಳೂರಿಂದ ನೇತ್ರಾವತಿ ಸೇತುವೆ ದಾಟಿದ್ರೆ ಸಿಗೋ ಹಳೇ ಕಾಲದ ಸಮುದ್ರದ ಊರು. ನಾಲ್ಕು ಜನದಾಗೆ ಮೂರು ಜನ ಇದುವರೆಗೂ ಸಮುದ್ರ ನೋಡಿಲ್ಲ. ನಮ್ಮತ್ತೆಗೆ ಎಪ್ಪತ್ತು ದಾಟೈತೆ, ಮಂಡಿ ನೋವು ಬೇರೆ. ಈ ವರ್ಷ ಬಿಟ್ರೆ ಮುಂದಿನ ವರ್ಷ ಅನ್ನೋಂಗಿಲ್ಲ.

ಮೊದ್ಲು ದಿನ ಗೊತ್ತು ಮಾಡೋ ವಿಷ್ಯ. ಪ್ಯಾಟೆಯೋರು ರಜಾ ನೋಡ್ಕೊಂಡು ಹೊರಡ್ತಾರೆ. ನಾವು ಹುಳದ ಜ್ವರ ನೋಡ್ಕೊಂಡು ಹೊರಡ್ಬೇಕು. ನಿಮಗೆ ಗೊತ್ತಲ್ಲ, ನಾಲ್ಕನೇ ಜ್ವರ ಎದ್ದ ಮೇಲೆ ಆ ಒಂದು ವಾರ ಮನೆಯಾಗೆ ಯಾರೂ ಕಾಲು ಚಾಚಿ ಕೂರೋಂಗಿಲ್ಲ. ಇಡೀ ಬೆಳೆಗೆ ಹಾಕೋ ಸೊಪ್ಪಿನಾಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಳ ಆ ವಾರದಾಗೇ ತಿಂದು ಮುಗಿಸ್ತೈತೆ. ಆಮೇಲೆ ಹಣ್ಣಾದ ಹುಳ ಆರಿಸಿ ಚಂದ್ರಂಕಿಗೆ ಬಿಡ್ಬೇಕು, ಐದಾರು ದಿನಕ್ಕೆ ಗೂಡು ಬಿಡಿಸ್ಬೇಕು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಕಳಿಸ್ಬೇಕು, ಹುಳದ ಮನೆ ತೊಳೆದು ಬ್ಲೀಚಿಂಗ್ ಹೊಡೀಬೇಕು. ಅಷ್ಟಾದ್ಮೇಲೆ ತೋಟದಾಗೆ ಸೊಪ್ಪು ಚಿಗುರಿ ಬರೋವರೆಗೂ ಒಂದಷ್ಟು ದಿನ ಬಿಡುವು. ನಮ್ಮ ರಜಾ ಅಂದ್ರೆ ಅದೇ.

ಆದ್ರೆ ಮೂರು ಮನೆ ಹುಳ ಒಂದೇ ದಿನ ಹಣ್ಣಾಗೋದುಂಟೇ? ಒಬ್ರಿಗೆ ಬಿಡುವಾದಾಗ ಇನ್ನೊಬ್ರಿಗೆ ನಾಲ್ಕನೇ ಜ್ವರ. ಎರಡು ವರ್ಷದಿಂದ ಪ್ರಯಾಣ ನಿಂತಿದ್ದೇ ಇದರಿಂದ. ಅದಕ್ಕೆ ಈ ಸಲ ಮೂರು ಮನೆಯೋರೂ ಸೇರ್ಕೊಂಡು ಚಾಕಿ ಹುಳ ಒಂದೇ ಕಡೆಯಿಂದ ಒಂದೇ ದಿನ ತರೋದು ಅಂತ ಮಾತಾಡಿದೀವಿ. ಬಸ್ ಟಿಕೆಟ್‌ಗಿಂತ ಮುಂಚೆ ಮಾಡ್ಬೇಕಾಗಿರೋ ಬುಕಿಂಗು ಇದೇ. ಅಷ್ಟೊತ್ತಿಗೆ ರಾಗಿ ಒಕ್ಕಣೆ ಮುಗಿದಿರ್ತೈತೆ, ಅವರೆಕಾಯಿ ಸುಗ್ಗಿನೂ ಇಳಿದಿರ್ತೈತೆ.

ಇನ್ನು ಹಸು. ಹಸು ಬಳಗದ ಕೈ ಬಿಟ್ಟು ಬೇರೆಯೋರ ಕೈಗೆ ಸುಲಭಕ್ಕೆ ಹಾಲು ಇಳಿಸೋಲ್ಲ. ಹಾಗಾಗಿ ಒಂದು ತಿಂಗಳು ಮುಂಚೆಯಿಂದಲೇ ಸಾಯಂಕಾಲದ ಹಾಲು ಯಜಮಾನ್ರೇ ಕರೀಲಿ ಅಂತ ಬಿಟ್ಟಿದೀನಿ. ಹೊರಡೋ ದಿನ ಹೊಸದಾಗಿ ಕೂತ್ರೆ ಹಸುನೂ ಒದೀತೈತೆ, ಡೇರಿಗೆ ಹಾಲೂ ಕಮ್ಮಿ ಆಗ್ತೈತೆ. ನಿಮ್ಮ ಮನೇಲೂ ಇಂಗೇ ಅಭ್ಯಾಸ ಮಾಡ್ಸಿ.

"ಸಮುದ್ರನೇ ನೋಡ್ಬೇಕಂದ್ರೆ ಯಾವ್ದಾದ್ರೂ ಟೂರ್ ಬಸ್ಸಾಗೆ ಹೋಗ್ರಮ್ಮ, ಉಳ್ಳಾಲದಾಗೆ ಏನೈತೆ?" ಅಂತ ಕೇಳಿದೋರು ಬಾಳ ಜನ. ಐತೆ. ಅದು ರಾಣಿ ಅಬ್ಬಕ್ಕನ ಊರು. ಆ ಸೀಮೆ ಆಳ್ತಿದ್ದ ಚೌಟರ ಮನೆತನದಾಗೆ ಅಳಿಯಸಂತಾನ. ಅಂದ್ರೆ ಹಕ್ಕು, ಆಸ್ತಿ ಹೆಣ್ಣಿನ ಕಡೆಯಿಂದ ಇಳೀತಿತ್ತು. ಉಳ್ಳಾಲದ ಬಂದರಿಂದ ಮೆಣಸು, ಅಕ್ಕಿ ಹಡಗಿನಾಗೆ ಹೋಗ್ತಿದ್ವು. ಪೋರ್ಚುಗೀಸರು ಸಮುದ್ರ ನಮ್ದು, ಕಪ್ಪ ಕೊಡು ಅಂದ್ರು. ಅಬ್ಬಕ್ಕ ಕೊಡೋಲ್ಲ ಅಂದ್ಲು. 1568ರ ಸುಮಾರಿಗೆ ಅವ್ರು ಉಳ್ಳಾಲಕ್ಕೇ ನುಗ್ಗಿದ್ರು. ರಾಣಿ ಮಸೀದಿಯಾಗೆ ಆಸರೆ ಪಡೆದು, ರಾತ್ರೋರಾತ್ರಿ ಜನ ಸೇರಿಸ್ಕೊಂಡು ತಿರುಗಿ ಬಿದ್ಲು ಅಂತ ಅಲ್ಲಿ ಈಗ್ಲೂ ಕತೆ ಹೇಳ್ತಾರೆ. ಆಕೆ ಪಕ್ಕ ನಿಂತೋರು ಮೊಗವೀರರು, ಬ್ಯಾರಿಗಳು ಅಂತಾರೆ. 2012ರಾಗೆ ನಮ್ಮ ಕರಾವಳಿ ಕಾವಲು ಪಡೆಯ ಒಂದು ಹಡಗಿಗೂ ರಾಣಿ ಅಬ್ಬಕ್ಕ ಅಂತಲೇ ಹೆಸರಿಟ್ರು.

ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ. 1623ರಾಗೆ ಇಟಲಿಯ ರೋಮ್ ಊರಿನ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನೋನು ಈ ಕಡೆ ಬಂದಿದ್ದ, ಉಳ್ಳಾಲದ ರಾಣಿನ ನೋಡ್ಬೇಕು ಅಂತ ಹುಡುಕ್ಕೊಂಡು ಹೋದ. ಆತ ನೋಡಿದ್ದು ಹೋರಾಡಿದ ಅಬ್ಬಕ್ಕನ್ನೇನಾ, ಆಕೆ ಆದ್ಮೇಲೆ ಬಂದ ರಾಣಿನಾ ಅಂತ ಓದಿದೋರಲ್ಲೇ ಚರ್ಚೆ ಐತೆ. ಇರ್ಲಿ. ಆತ ಹೋದಾಗ ರಾಣಿ ಅರಮನೆಯಾಗೆ ಇರ್ಲಿಲ್ಲ. ನೀರು ಹರಿಸೋಕೆ ತೋಡಿಸ್ತಿದ್ದ ಕಾಲುವೆ ನೋಡೋಕೆ ನಡ್ಕೊಂಡು ಹೊರಟಿದ್ಲು. ಕಾಲಿಗೆ ಏನಿಲ್ಲ, ಸೊಂಟಕ್ಕೆ ದಪ್ಪನೆ ಹತ್ತಿ ಬಟ್ಟೆ, ಮೇಲೆ ಹಿಡಿದ ತಾಳೆಗರಿ ಕೊಡೆ. ನೋಡೋಕೆ ಅಡುಗೆ ಕೆಲಸದೋಳ ಥರ ಅವ್ಳೆ ಅಂತ ಬರೆದ ಆತನೇ, ಮಾತಾಡಿದ ಮೇಲೆ ರಾಣಿ ಅಂತ ಗೊತ್ತಾಯ್ತು ಅಂತಾನೂ ಬರೆದ.

ಇದನ್ನ ನಮ್ಮತ್ತೆಗೆ ಹೇಳ್ದೆ. "ನೀರಿನ ಕೆಲಸಕ್ಕೆ ಹೋಗೋಳು ಪಟ್ಟೆ ಸೀರೆ ಉಟ್ಕೊಂಡು ಹೋಗ್ತಾಳಾ?" ಅಂದ್ರು. ಅಷ್ಟೇ ಅವ್ರು ಹೇಳಿದ್ದು. ರೇಷ್ಮೆ ಹುಳ ಸಾಕಿ ಸಾಕಿ ಕೈ ಸವೆದೋರು, ರೇಷ್ಮೆ ಸೀರೆ ಉಡೋದು ಮದುವೆ ಮುಂಜಿಗೆ ಮಾತ್ರ. ಅವ್ರಿಗೆ ಆ ರಾಣಿ ದೂರದೋಳು ಅನ್ನಿಸ್ಲಿಲ್ಲ.

ನಾವು ಉಳ್ಳಾಲಕ್ಕೇ ಹೋಗ್ತಿರೋಕೆ ಮುಖ್ಯ ಕಾರಣಾನೂ ನೀರೇ. ನೇತ್ರಾವತಿ ನಮಗೆ ಹೊಸಬಳಲ್ಲ. ಧರ್ಮಸ್ಥಳಕ್ಕೆ ಹೋದಾಗ ಎಲ್ರೂ ಆ ಸ್ನಾನಘಟ್ಟದಾಗೆ ಮುಳುಗಿ ಎದ್ದೋರೇ. ಆ ನದಿ ಕೊನೆಗೆ ಸಮುದ್ರ ಸೇರೋದು ಈ ಉಳ್ಳಾಲದ ಹತ್ರ. ಆ ನದಿಗೆ ಸೇರೋ ಎತ್ತಿನಹೊಳೆ ನೀರು ತಿರುಗಿಸಿ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ತರ್ತೀವಿ ಅಂತ 2014ರಾಗೆ ನಮ್ಮ ಜಿಲ್ಲೆಯಾಗೇ ಅಡಿಗಲ್ಲು ಹಾಕಿದ್ರು. ಯೋಜನೆಯ ಲೆಕ್ಕ 24 ಟಿಎಂಸಿ. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತದ ಪಂಪು ಚಾಲೂ ಆಯ್ತು. ನಮ್ಮ ಊರಿಗಿನ್ನೂ ಆ ನೀರು ಬಂದಿಲ್ಲ. ಬೋರು ಸಾವಿರ ಅಡಿ ದಾಟಿ ಇಳಿಸೋರು ನಾವು. ನೀರು ಬರ್ತೈತೆ ಅಂತ ಭಾಷಣ ಕೇಳಿ ಕೇಳಿ ನಮ್ಮ ಮಕ್ಕಳು ದೊಡ್ಡೋರಾದ್ರು.

ಅತ್ಲಾಗೆ ಕರಾವಳಿಯೋರು ಇದಕ್ಕೆ ಬ್ಯಾಡ ಅಂದ್ರು. ಬೇಸಿಗೆಯಾಗೆ ನಮ್ಮ ನದಿನೇ ಸೊರಗ್ತೈತೆ, ಕಾಡು ಹೋಗ್ತೈತೆ, ಸಿಹಿನೀರು ಕಮ್ಮಿ ಆದ್ರೆ ಮೀನು ಕಮ್ಮಿ ಆಗ್ತೈತೆ ಅಂತ ಅವರ ಮಾತು. ಸಮುದ್ರಕ್ಕೆ ಸುಮ್ನೆ ಹೋಗೋ ನೀರು ತಾನೇ ಅಂತ ನಾವು ಇಲ್ಲಿ ಕಟ್ಟೆ ಮೇಲೆ ಕೂತು ಹೇಳ್ತೀವಿ. ಸುಮ್ನೆ ಹೋಗ್ತೈತೋ ಇಲ್ವೋ ಯಾರು ಕಂಡೋರು? ನಮ್ಮತ್ತೆ ಅಂತಾರೆ, "ಒಬ್ರ ಮನೆ ನೀರು ಕೇಳೋಕೆ ಮುಂಚೆ ಅವರ ಮನೆ ಬಾಗಿಲು ನೋಡಿ ಬರ್ಬೇಕು." ನನಗೂ ಅದೇ ಸರಿ ಕಾಣ್ತು. ಅಲ್ಲಿಯೋರು ಎಲ್ಲಿಂದ ಬಂದ್ರಿ ಅಂತ ಕೇಳಿದ್ರೆ ಚಿಕ್ಕಬಳ್ಳಾಪುರದ ಕಡೆಯೋರು ಅಂತಲೇ ಹೇಳೋದು. ಮುಚ್ಚಿಡೋದೇನೈತೆ?

ಅದಕ್ಕೇ ರಾತ್ರಿ ಬಸ್ಸು ಬ್ಯಾಡ ಅಂದಿದೀನಿ. ರಾತ್ರಿ ಹೋದ್ರೆ ಸಮಯ ಉಳೀತೈತೆ ನಿಜ, ಆದ್ರೆ ನೀರಿನ ದಾರಿ ಕಾಣಲ್ಲ. ಹಿಂದಿನ ದಿನ ಬೆಂಗಳೂರಾಗೆ ನಾದಿನಿ ಮನೆಯಾಗೆ ಉಳ್ಕೊಂಡು ಬೆಳಿಗ್ಗೆ ಬೇಗ ಬಸ್ಸು ಹತ್ತೋದು. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದ್ರೆ ಗುಂಡ್ಯ. ಎತ್ತಿನಹೊಳೆ ನೀರು ಗುಂಡ್ಯ ಹೊಳೆಗೆ ಬಂದು, ಅಲ್ಲಿಂದ ಕುಮಾರಧಾರೆ ಸೇರಿ, ಉಪ್ಪಿನಂಗಡಿಯಾಗೆ ನೇತ್ರಾವತಿ ಸೇರ್ತೈತೆ. ಬಸ್ಸೂ ಹೆಚ್ಚುಕಮ್ಮಿ ಅದರ ಜೊತೆಗೇ ಇಳೀತೈತೆ. ಮಳೆಗಾಲದಾಗೆ ಮಾತ್ರ ಈ ದಾರಿ ಬ್ಯಾಡ, ಗುಡ್ಡ ಕುಸೀತೈತೆ, ಸಮುದ್ರನೂ ಕೆರಳಿರ್ತೈತೆ.

ಖರ್ಚಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಐತಲ್ಲ, ಸರ್ಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಾಗೆ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡು ಕೈಗೆ ಸಿಗೋ ಕಡೆ ಇಟ್ಕೊಳ್ರಿ. ರಾಜಹಂಸ, ಎಸಿ, ಸ್ಲೀಪರ್ ಹತ್ತಿದ್ರೆ ದುಡ್ಡು ಕೊಡ್ಬೇಕು. ಮಂಗಳೂರಿನ ಒಳಗೆ ಓಡಾಡೋ ಬಸ್ಸು ಹೆಚ್ಚಿನವು ಖಾಸಗಿಯವು, ಅವಕ್ಕೆ ಚಿಲ್ಲರೆ ಬೇಕು. ಉಳಿದ ಖರ್ಚು ರೂಮು, ಊಟ, ಆಟೋ ಅಷ್ಟೇ. ಸಂಘದಾಗೆ ಸಾಲ ಎತ್ತೋದು ಬ್ಯಾಡ, ಗೂಡಿನ ದುಡ್ಡು ಬಂದ ದಿನವೇ ತೆಗೆದಿಡೋಣ.

ಒಂದು ದಿನ ಉಳ್ಳಾಲಕ್ಕೆ. ಅಬ್ಬಕ್ಕನ ಪ್ರತಿಮೆ, ದರ್ಗಾ, ಆಮೇಲೆ ಸೋಮೇಶ್ವರ ದೇವಸ್ಥಾನ. ಅಲ್ಲಿ ಸಮುದ್ರದಂಚಿಗೆ ರುದ್ರಪಾದೆ ಅಂತ ದೊಡ್ಡ ಬಂಡೆ ಐತೆ. ದೂರದಿಂದ ನೋಡೋದು, ಬಂಡೆ ತುದಿಗೆ ಯಾರೂ ಹೋಗೋಂಗಿಲ್ಲ, ನೀರಿಗೂ ಇಳಿಯೋಂಗಿಲ್ಲ. ಆ ಕಡಲು ಮೋಸದ್ದು, ಜೀವ ಕಳ್ಕೊಂಡೋರು ಅವ್ರೆ. ಕಡಲ್ಕೊರೆತಕ್ಕೆ ಮನೆ ಕಳ್ಕೊಂಡೋರೂ ಆ ಊರಾಗೆ ಅವ್ರೆ. ಕಾಲು ನೆನೆಸ್ಬೇಕು ಅನ್ನೋರು ಅಲೆ ಸಣ್ಣಗಿರೋ ಮರಳ ಕಡೆ ಪಾದದಷ್ಟು ನೆನೆಸಿದ್ರೆ ಸಾಕು. ಇನ್ನೊಂದು ದಿನ ವಾಪಸ್ ಬರೋ ದಾರೀಲಿ ಬಂಟ್ವಾಳದ ಬಿ.ಸಿ.ರೋಡ್ ಹತ್ರ ರಾಣಿ ಅಬ್ಬಕ್ಕನ ಹೆಸರಿನ ತುಳು ಅಧ್ಯಯನ ಕೇಂದ್ರ ಐತೆ, ಹಳೇ ಮನೆ ಸಾಮಾನುಗಳ ಸಂಗ್ರಹ ಐತೆ. ನಮ್ಮತ್ತೆಗೆ ಅದು ಸಮುದ್ರಕ್ಕಿಂತ ಹಿಡಿಸ್ತೈತೆ ಅಂತ ನನ್ನ ಲೆಕ್ಕ.

ಕಟ್ಕೊಂಡು ಹೋಗೋದು: ಹುರಿಟ್ಟು, ನಿಪ್ಪಟ್ಟು, ಚಟ್ನಿಪುಡಿ, ಹುರಿದ ಅವರೆಬೇಳೆ. ಅಲ್ಲಿ ಕುಚ್ಚಲಕ್ಕಿ ಅನ್ನ, ಮುದ್ದೆ ಸಿಗಲ್ಲ. ನೀರುದೋಸೆ ಮೆತ್ತಗಿರ್ತೈತೆ, ಹಲ್ಲಿಲ್ಲದ ದೊಡ್ಡಮ್ಮನಿಗೆ ಒಳ್ಳೇದಾಯ್ತು. ಚಳಿಗಾಲ ಅಂತ ಸ್ವೆಟರ್ ಹೊತ್ಕೊಂಡು ಬರ್ಬೇಡಿ, ಅಲ್ಲಿ ಬೆವರು. ಹತ್ತಿ ಸೀರೆ ಎರಡು, ಮಂಡಿ ನೋವಿನ ಎಣ್ಣೆ, ಬಿ.ಪಿ. ಮಾತ್ರೆ. ಅವರೆಬೇಳೆ ಎರಡು ಸೇರು ಜಾಸ್ತಿ ಹುರೀತೀವಿ, ಅಲ್ಲಿ ಯಾರಾದ್ರೂ ಕೂರಿಸಿ ಮಾತಾಡ್ಸಿದ್ರೆ ಬರಿಗೈಲಿ ಇರೋದು ಬ್ಯಾಡ.

ಇನ್ನೂ ಒಬ್ರಿಬ್ರು ಸೇರ್ಕೋಬೋದು. ಬರೋರು ಬಸ್ಸು ಹತ್ತೋ ಹೊತ್ತಿಗೆ ಹೇಳಿದ್ರೆ ಆಗಲ್ಲ. ಚಾಕಿ ಹುಳಕ್ಕೆ ಮುಂಗಡ ಕೊಡೋಕೆ ಮುಂಚೆ ನಮ್ಮನೆ ಕಡೆ ಬಂದು ಹೇಳಿ ಹೋಗ್ರಿ. ನಿಮ್ಮ ಹುಳನೂ ಅವತ್ತೇ ತರಿಸೋಣ.