ಬಂದೂಕು ಇಲ್ಲದ ಮನೆ

ಮಾಂಟ್‌ಗೊಮರಿ, ಅಲಬಾಮಾ

ಪ್ರೀತಿಯ ಅಕ್ಕ,

ಅಲಬಾಮಾ ರಾಜ್ಯದ ರಾಜಧಾನಿಯಿಂದ ಬರೆಯುತ್ತಿದ್ದೇನೆ. ಮಾರ್ಟಿನ್ ಲೂಥರ್ ಕಿಂಗ್ ಅವರು ಸಭಾಪಾಲಕರಾಗಿದ್ದ ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚು ಇಲ್ಲಿನ ರಾಜ್ಯ ಕ್ಯಾಪಿಟಲ್ ಕಟ್ಟಡಕ್ಕೆ ಕೂಗಳತೆಯಲ್ಲಿದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲೆಂದು ಬೇರೆಯಾದ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸ್ 1861ರಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಅದೇ ಕಟ್ಟಡದಲ್ಲಿ. ಕಿಂಗ್ ಅವರ ಸಂಸಾರ ವಾಸವಿದ್ದ ಮನೆ ಸೌತ್ ಜಾಕ್ಸನ್ ಬೀದಿಯಲ್ಲಿದೆ. ಬಿಳಿ ಬಣ್ಣದ ಮರದ ಮನೆ, ಈಗ ಮ್ಯೂಸಿಯಂ. ದೇವರನ್ನು ನಂಬಿದರೆ ಭಯ ಹೋಗುತ್ತದೆ ಎಂಬ ಮಾತನ್ನು ನಾವಿಬ್ಬರೂ ಚಿಕ್ಕಂದಿನಿಂದ ಕೇಳುತ್ತ ಬಂದವರು. ಆ ಮಾತು ಎಷ್ಟು ನಿಜ, ಯಾವ ಅರ್ಥದಲ್ಲಿ ನಿಜ ಎಂದು ತೂಗಿ ನೋಡಲು ಈ ಮನೆಯ ಅಡುಗೆಕೋಣೆಗಿಂತ ತಕ್ಕ ಜಾಗ ನನಗೆ ಕಾಣದು.

1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದದ್ದೂ, ನಾಲ್ಕು ದಿನಗಳಲ್ಲಿ ಕರಿಯರ ಬಸ್ ಬಹಿಷ್ಕಾರ ಶುರುವಾದದ್ದೂ ನಿನಗೆ ಗೊತ್ತೇ ಇದೆ. ಅದರ ಮುಂದಾಳತ್ವ ಬಂದದ್ದು ಊರಿಗೆ ಹೊಸಬರಾದ, 26 ವರ್ಷದ ಈ ಸಭಾಪಾಲಕರ ಹೆಗಲಿಗೆ. ಬೆದರಿಕೆಯ ಫೋನುಗಳು ನಿತ್ಯದ ಮಾತಾದವು. 1956ರ ಜನವರಿ ಕೊನೆಯಲ್ಲಿ ಒಂದು ನಡುರಾತ್ರಿ ಬಂದ ಕರೆ ಅವರ ಧೈರ್ಯವನ್ನು ಪೂರ್ತಿ ಕುಸಿಯುವಂತೆ ಮಾಡಿತು. ಒಳಗೆ ಹೆಂಡತಿ ಮಲಗಿದ್ದಳು, ಮಗು ಹುಟ್ಟಿ ಎರಡೂವರೆ ತಿಂಗಳೂ ತುಂಬಿರಲಿಲ್ಲ. ಹೇಡಿ ಅನ್ನಿಸಿಕೊಳ್ಳದೆ ಈ ಹೋರಾಟದಿಂದ ಜಾರಿಕೊಳ್ಳುವುದು ಹೇಗೆಂದು ಯೋಚಿಸುತ್ತ ಅಡುಗೆಮನೆಯ ಮೇಜಿನ ಮುಂದೆ ಕುಳಿತೆ, ನನಗೆ ಹೆದರಿಕೆಯಾಗಿದೆ, ಶಕ್ತಿ ಉಡುಗಿದೆ ಎಂದು ದೇವರಿಗೆ ಬಾಯಿಬಿಟ್ಟು ಹೇಳಿಕೊಂಡೆ, ಆಗ ನ್ಯಾಯದ ಪಕ್ಷದಲ್ಲಿ ನಿಲ್ಲು ಎಂಬ ದನಿ ಒಳಗಿಂದ ಕೇಳಿಸಿತು ಎಂದು ಅವರು 1958ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಕೆಲವೇ ದಿನಗಳಲ್ಲಿ, ಜನವರಿ 30ರ ರಾತ್ರಿ, ಅವರು ಸಭೆಯೊಂದರಲ್ಲಿದ್ದಾಗ ಈ ಮನೆಯ ಜಗಲಿಯಲ್ಲಿ ಬಾಂಬು ಸಿಡಿಯಿತು. ಹೆಂಡತಿ ಮಗು ಬದುಕಿಕೊಂಡರು. ಸಿಟ್ಟಿಗೆದ್ದು ಆಯುಧ ಹಿಡಿದು ನೆರೆದ ಜನರನ್ನು ಕಿಂಗ್ ಸಮಾಧಾನಪಡಿಸಿ ಮನೆಗೆ ಕಳಿಸಿದರು.

ಪ್ರವಚನಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ: ಪ್ರಾರ್ಥಿಸಿದರು, ಭಯ ಹೋಯಿತು. ಆದರೆ ಮುಂದಿನದನ್ನು ಬಿಟ್ಟರೆ ಸತ್ಯದ ಅರ್ಧವೇ ಕೈಗೆ ಸಿಗುವುದು. ಬಾಂಬಿನ ನಂತರ ಕಿಂಗ್ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು, ಆದರೆ ಮನೆಯಲ್ಲಿ ಆಯುಧವೂ ಇತ್ತು, ಕಾವಲೂ ಇತ್ತು. ಅಂದರೆ ಅಡುಗೆಮನೆಯ ಆ ರಾತ್ರಿ ಭಯವನ್ನು ಬೇರುಸಹಿತ ಕಿತ್ತಿರಲಿಲ್ಲ. ಆಯುಧದ ಪ್ರಶ್ನೆಯನ್ನು ಗಂಡಹೆಂಡತಿ ಚರ್ಚಿಸಿ, ಇದ್ದೊಂದನ್ನೂ ಮನೆಯಿಂದ ಹೊರಗೆ ಹಾಕಿದ್ದು ಆಮೇಲೆ. ಬಂದೂಕು ಇದ್ದಾಗಲೇ ತಮಗೆ ಹೆಚ್ಚು ಭಯವಿತ್ತು ಎಂದು ಕಿಂಗ್ ಹೇಳಿಕೊಂಡಿದ್ದಾರೆ. ನನ್ನ ವಾದವೆಲ್ಲ ನಿಂತಿರುವುದು ಇದರ ಮೇಲೆಯೇ, ಅಕ್ಕ. ನಂಬಿಕೆ ಭಯವನ್ನು ಗೆದ್ದಿತೇ ಎಂದು ತಿಳಿಯಲು ಎದೆಬಡಿತವನ್ನು ಲೆಕ್ಕ ಹಾಕಬೇಕಿಲ್ಲ. ಹೆದರಿದ ಮನುಷ್ಯ ಮರುದಿನ ಏನು ಮಾಡಿದ, ಯಾವುದನ್ನು ಕೈಬಿಟ್ಟ ಎಂದು ನೋಡಬೇಕು. ಭಯ ಅವರಲ್ಲಿ ಉಳಿದೇ ಇತ್ತು. ತೀರ್ಮಾನ ಮಾಡುವ ಅಧಿಕಾರ ಮಾತ್ರ ಅದರ ಕೈತಪ್ಪಿತ್ತು.

ಇದು ಒಬ್ಬ ಮನುಷ್ಯನ ಮನಸ್ಸಿನ ಸಮಾಧಾನ ಅಷ್ಟೇ ಎಂದು ನೀನು ಹೇಳಬಹುದು. ಒಬ್ಬರದೇ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಫೆಬ್ರವರಿಯಲ್ಲಿ, ಬಹಿಷ್ಕಾರವೇ ಅಪರಾಧವೆಂದು 80ಕ್ಕೂ ಹೆಚ್ಚು ಜನರ ಮೇಲೆ ಮೊಕದ್ದಮೆ ಹೂಡಿದಾಗ, ಪೊಲೀಸರು ಹುಡುಕಿ ಬರುವ ಮೊದಲೇ ಜನ ತಾವಾಗಿ ಹೋಗಿ ಶರಣಾದರು. ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ಬೇಸರಪಟ್ಟವರೂ ಇದ್ದರು. ಪೊಲೀಸ್ ಠಾಣೆಯ ಹೆಸರು ಕೇಳಿದರೆ ನಡುಗುತ್ತಿದ್ದ ಸಮುದಾಯ ಅದು. ಈ ಬದಲಾವಣೆ ಆದದ್ದು ಚರ್ಚುಗಳಲ್ಲಿ ವಾರವಾರವೂ ನಡೆದ ಸಾಮೂಹಿಕ ಸಭೆಗಳಲ್ಲಿ. ಅಲ್ಲಿ ಹಾಡು, ಪ್ರಾರ್ಥನೆ, ವೇದಪಾಠ, ಬಸ್ಸಿನ ಬದಲು ನಾಳೆ ಯಾರ ಕಾರು ಯಾವ ಮೂಲೆಯಲ್ಲಿ ನಿಲ್ಲಬೇಕೆಂಬ ಲೆಕ್ಕ ಎಲ್ಲ ಒಟ್ಟಿಗೇ ಆಗುತ್ತಿತ್ತು. ಹೆದರಿಕೆಯನ್ನು ಒಬ್ಬೊಬ್ಬರೇ ಮನೆಯಲ್ಲಿ ಹೊತ್ತು ಕೂರುವುದಕ್ಕೂ ನೂರಾರು ಜನರ ನಡುವೆ ದೇವರ ಮುಂದಿಡುವುದಕ್ಕೂ ಇರುವ ಅಂತರ ದೊಡ್ಡದು.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಬಸ್ಸಿನ ವರ್ಣಭೇದವನ್ನು ಮುಗಿಸಿದ್ದು ಪ್ರಾರ್ಥನೆಯಲ್ಲ, ನ್ಯಾಯಾಲಯ ಎಂಬುದು. ಸರಿ. 1956ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಭೇದದ ವಿರುದ್ಧದ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿದದ್ದರಿಂದಲೇ, 381 ದಿನಗಳ ನಂತರ, ಡಿಸೆಂಬರ್‌ನಲ್ಲಿ ಜನ ಬಸ್ಸಿಗೆ ಹತ್ತಿದರು. ಆದರೆ ಆ ಮೊಕದ್ದಮೆಗೂ ಫಿರ್ಯಾದಿಗಳು ಬೇಕಿತ್ತು. ಬಾಂಬು ಸಿಡಿಯುತ್ತಿದ್ದ ಊರಿನಲ್ಲಿ ಆರಿಲಿಯಾ ಬ್ರೌಡರ್, ಕ್ಲಾಡೆಟ್ ಕಾಲ್ವಿನ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್ ತಮ್ಮ ಹೆಸರುಗಳನ್ನು ನ್ಯಾಯಾಲಯದ ಕಾಗದದ ಮೇಲೆ ಹಾಕಿಸಿದರು. ಕಾಲ್ವಿನ್ ಮತ್ತು ಸ್ಮಿತ್ ಇನ್ನೂ ಹದಿಹರೆಯದವರು. ಕಾನೂನು ತಾನಾಗಿ ನಡೆಯುವುದಿಲ್ಲ, ಹೆದರಿಕೆಯನ್ನು ದಾಟಿ ಬಂದವರು ಅದನ್ನು ನಡೆಸಬೇಕು.

ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆ. ವರ್ಣಭೇದವನ್ನು ಎತ್ತಿಹಿಡಿದ ಬಿಳಿಯರೂ ಭಾನುವಾರ ಚರ್ಚಿಗೆ ಹೋಗುತ್ತಿದ್ದವರಲ್ಲವೇ? ಕರಿಯರನ್ನು ಹೆದರಿಸುತ್ತಿದ್ದ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ಹೊತ್ತಿಸಿ ನಿಲ್ಲಿಸುತ್ತಿದ್ದದ್ದೂ ಶಿಲುಬೆಯನ್ನೇ. ಇದನ್ನು ಮುಚ್ಚಿಡುವ ಕ್ರೈಸ್ತನ ಸಾಕ್ಷಿಗೆ ಬೆಲೆಯಿಲ್ಲ. ಆದರೆ ಆ ಬಿಳಿಯರ ನಂಬಿಕೆಯನ್ನೂ ಕಿಂಗ್ ಅವರ ನಂಬಿಕೆಯನ್ನೂ ಪಕ್ಕಪಕ್ಕ ಇಟ್ಟು ನೋಡು. ಬಿಳಿಯರ ಆ ಧರ್ಮಕ್ಕೆ ಬದುಕಲು ಇನ್ನೊಬ್ಬರ ಭಯ ಬೇಕಿತ್ತು, ಏಕೆಂದರೆ ಒಳಗೆ ತಾನೇ ಹೆದರಿತ್ತು: ಸ್ಥಾನ ಹೋದೀತು, ಊರು ಕೈತಪ್ಪೀತು ಎಂದು. ಕಿಂಗ್ ಅವರ ಮನೆಯಂಗಳದಲ್ಲಿ ನೆರೆದವರಿಗೂ ಇನ್ನೊಬ್ಬರನ್ನು ಹೆದರಿಸುವ ಅವಕಾಶ ಆ ರಾತ್ರಿ ಕೈಯಲ್ಲೇ ಇತ್ತು. ಅವರು ಅದನ್ನು ಬಳಸದೆ ಮನೆಗೆ ಹೋದರು. ಇನ್ನೊಬ್ಬರನ್ನು ನಡುಗಿಸಬೇಕೆನ್ನುವ ನಂಬಿಕೆ ತನ್ನ ಭಯವನ್ನು ಇನ್ನೂ ಗೆದ್ದಿಲ್ಲವೆಂದೇ ನಾನು ತಿಳಿಯುತ್ತೇನೆ, ಅದರ ಕೈಯಲ್ಲಿ ಶಿಲುಬೆಯೇ ಇರಲಿ.

ಕೊನೆಗೆ ದೇವರು ಕಿಂಗ್ ಅವರನ್ನು ಕಾಯಲಿಲ್ಲವಲ್ಲ ಎನ್ನುತ್ತೀಯಾ? ಇಲ್ಲ, 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ ಗುಂಡು ತಗಲಿತು. ಆದರೆ ಕ್ರಿಸ್ತನ ದಾರಿ ಪ್ರಾಣರಕ್ಷಣೆಯ ಭರವಸೆ ಕೊಟ್ಟದ್ದೆಲ್ಲಿ? ಗೆತ್ಸೆಮನೆ ತೋಟದಲ್ಲಿ ಯೇಸುವೂ ಸಂಕಟಪಟ್ಟು, ಈ ಪಾತ್ರೆ ತನ್ನಿಂದ ತಪ್ಪಲೆಂದು ಬೇಡಿಕೊಂಡ, ಮೂವರು ಶಿಷ್ಯರನ್ನು ಜೊತೆಗೆ ಎಚ್ಚರವಾಗಿರಿ ಎಂದು ಕೇಳಿಕೊಂಡ. ಹೆದರುವುದು ಅವಿಶ್ವಾಸವಾಗಿದ್ದರೆ ಆ ರಾತ್ರಿಯನ್ನು ಸುವಾರ್ತೆಗಳು ಬರೆದಿಡುತ್ತಿರಲಿಲ್ಲ.

ನೀನು ನಡೆಸುವ ಪ್ರಾರ್ಥನಾಕೂಟದಲ್ಲಿ ಯಾರಾದರೂ ಎದ್ದು ನಿಂತು ನನಗೆ ಹೆದರಿಕೆಯಾಗಿದೆ ಎಂದರೆ, ನಂಬಿಕೆ ಸಾಲದೆಂದು ತಿದ್ದಲು ಯಾರನ್ನೂ ಬಿಡಬೇಡ. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ನಾಳೆ ಅವರ ಜೊತೆ ಹೋಗುವವರು ಯಾರೆಂದು ಅಲ್ಲೇ ಗೊತ್ತುಮಾಡಿ.

ನಿನ್ನ ಪ್ರೀತಿಯ ತಮ್ಮ